ಸ್ಯಾಂಪಲ್ ಯಾವ ಮೂಟೆಯದು? ವಿಡಿಯೋ ಗೇಮ್ ವಿಮರ್ಶೆಯ ಬಗ್ಗೆ ಒಂದು ಮಾತು

(ಚಿಕ್ಕಮಗಳೂರಿನಲ್ಲಿ ಕೆಲವು ಗೆಳೆಯರು ಸೇರಿ ನಡೆಸುವ ತಿಂಗಳ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ಹಿರಿಯರಿಗೆ, ಸ್ನೇಹಿತರಿಗೆ, ಮುಂದೆ ಜಮಖಾನದ ಮೇಲೆ ಕೂತಿರುವ ಮಕ್ಕಳಿಗೆ ನಮಸ್ಕಾರ.

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಕಾಫಿಯ ರುಚಿ ನೋಡುವುದು. ಇಲ್ಲಿನ ಒಂದು ಕ್ಯೂರಿಂಗ್ ವರ್ಕ್ಸಿನ, ಅಂದರೆ ಕಾಫಿ ಬೀಜ ಹದಮಾಡುವ ಕಾರ್ಖಾನೆಯ, ಲ್ಯಾಬಿನಲ್ಲಿ ಬೆಳಗಿನಿಂದ ಬಟ್ಟಲುಗಳನ್ನು ಸಾಲಾಗಿ ಇಟ್ಟುಕೊಂಡು, ಚಮಚದಲ್ಲಿ ಸೊರ್ರನೆ ಹೀರಿ, ಉಗಿದು, ಫಾರಂನಲ್ಲಿ ಅಂಕ ಬರೆಯುತ್ತೇನೆ. ಸಂಜೆ ಮನೆಗೆ ಹೋಗಿ ವಿಡಿಯೋ ಗೇಮ್ ಆಡುತ್ತೇನೆ. ಮೂವತ್ತು ವರ್ಷದಿಂದ ಆಡುತ್ತಿದ್ದೇನೆ. ಆಟಗಳಷ್ಟೇ ಪ್ರೀತಿಯಿಂದ ಅವುಗಳ ವಿಮರ್ಶೆಯನ್ನೂ ಓದುತ್ತೇನೆ. ಅಂಕ ಕೊಡುವ ಕೆಲಸವೇ ನನ್ನದಾದ್ದರಿಂದ, ಇನ್ನೊಬ್ಬರು ಅಂಕ ಕೊಟ್ಟದ್ದನ್ನು ನೋಡಿದ ಕೂಡಲೇ ನನಗೆ ಏಳುವ ಪ್ರಶ್ನೆ ಒಂದೇ: ಈ ಸ್ಯಾಂಪಲ್ ಯಾವ ಮೂಟೆಯದು, ಯಾರು ಕುಡಿದದ್ದು, ಎಲ್ಲಿ ಕೂತು ಕುಡಿದದ್ದು? ಇವತ್ತಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ನಾನು ಹುಡುಗನಾಗಿದ್ದಾಗ ನಮಗೆ ವಿಮರ್ಶೆ ಅನ್ನುವುದು ಗೊತ್ತೇ ಇರಲಿಲ್ಲ. ತೊಂಬತ್ತರ ದಶಕ. ಜಪಾನಿನ ಯಂತ್ರದ ನಕಲುಗಳು ಮಾರುಕಟ್ಟೆಗೆ ಬಂದಿದ್ದವು. ಟಿವಿಗೆ ಸಿಕ್ಕಿಸಿದರೆ ಸಾಕು. ಆಟ ಇರುವ ಪೆಟ್ಟಿಗೆಯನ್ನು ನಾವು ಕ್ಯಾಸೆಟ್ ಅನ್ನುತ್ತಿದ್ದೆವು, ಈಗಲೂ ನನ್ನ ಬಾಯಿಗೆ ಬರುವುದು ಅದೇ ಪದ. ಕ್ಯಾಸೆಟ್ ಮೇಲೆ 9999 ಆಟ ಎಂದು ಅಚ್ಚಾಗಿರುತ್ತಿತ್ತು, ಒಳಗೆ ಇರುತ್ತಿದ್ದದ್ದು ಹತ್ತೋ ಹನ್ನೆರಡೋ ಆಟ. ನಮ್ಮ ಬೀದಿಯಲ್ಲಿ ಒಬ್ಬ ಅಣ್ಣ ಇದ್ದ. ಯಾರೇ ಹೊಸ ಕ್ಯಾಸೆಟ್ ತಂದರೂ ಮೊದಲು ಅವನ ಕೈಗೆ ಕೊಡುವುದು. ಎರಡು ದಿನ ಆಡಿ ವಾಪಸ್ ಕೊಡುವಾಗ ಅವನು ಹೇಳುತ್ತಿದ್ದ: "ಗನ್ ಆಟ ಚೆನ್ನಾಗಿದೆ, ಇಬ್ಬರು ಆಡಿದರೆ ಇನ್ನೂ ಚೆನ್ನಾಗಿದೆ. ಮೂರನೇ ಲೆವೆಲ್‌ನಲ್ಲಿ ನಿಮ್ಮ ಮೆಷಿನ್ನು ಹ್ಯಾಂಗ್ ಆಗುತ್ತೆ, ನಮ್ಮದು ಆಗಲ್ಲ. ಸಂಜೆ ಕರೆಂಟ್ ಹೋಗೋ ಹೊತ್ತಿಗೆ ಶುರು ಮಾಡಬೇಡಿ." ಆ ಆಟಗಳಲ್ಲಿ ಆಡಿದಷ್ಟನ್ನು ಉಳಿಸಿಡುವ ವ್ಯವಸ್ಥೆ ಇರಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಯಿತೆಂದರೆ ಮತ್ತೆ ಮೊದಲಿನಿಂದಲೇ. ಅಣ್ಣನ ಆ ಮೂರು ಮಾತಿನಲ್ಲಿ ಆಟ ಹೇಗಿದೆ, ಯಾವ ಯಂತ್ರದಲ್ಲಿ ಹೇಗೆ ನಡೆಯುತ್ತದೆ, ಯಾವಾಗ ಆಡಬೇಕು ಎಲ್ಲವೂ ಇತ್ತು. ಆಮೇಲೆ ನಾನು ಓದಿದ ಎಷ್ಟೋ ದೊಡ್ಡ ವಿಮರ್ಶೆಗಳಲ್ಲಿ ಇಷ್ಟು ಇರಲಿಲ್ಲ.

ಅದೇ ಹೊತ್ತಿಗೆ ಜಪಾನಿನಲ್ಲಿ ಆಟದ ವಿಮರ್ಶೆ ದೊಡ್ಡ ವ್ಯವಹಾರವಾಗಿತ್ತು. ಫಾಮಿತ್ಸು ಅಂತ ಒಂದು ಪತ್ರಿಕೆ, ಶುರುವಾದದ್ದು 1986ರಲ್ಲಿ. ಅದರಲ್ಲಿ ಒಂದು ಆಟವನ್ನು ನಾಲ್ಕು ಜನ ಬೇರೆ ಬೇರೆಯಾಗಿ ಆಡಿ, ಒಬ್ಬೊಬ್ಬರೂ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುತ್ತಾರೆ. ಒಟ್ಟು 40. ನಲವತ್ತಕ್ಕೆ ನಲವತ್ತು ಮೊದಲ ಸಲ ಸಿಕ್ಕಿದ್ದು 1998ರಲ್ಲಿ, ನಿಂಟೆಂಡೋ 64 ಅನ್ನುವ ಯಂತ್ರದ 'ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್' ಆಟಕ್ಕೆ. ಹನ್ನೆರಡು ವರ್ಷ ಯಾವ ಆಟಕ್ಕೂ ಕೊಟ್ಟಿರಲಿಲ್ಲ. ಆ ನಾಲ್ಕು ಜನರ ಪದ್ಧತಿ ನನಗೆ ತುಂಬ ಹಿಡಿಸುತ್ತದೆ. ನಮ್ಮ ಲ್ಯಾಬಿನಲ್ಲೂ ಒಂದು ಸ್ಯಾಂಪಲ್ಲಿಗೆ ಐದು ಬಟ್ಟಲು ಇಡುತ್ತೇವೆ. ಐದರಲ್ಲಿ ಒಂದು ಬಟ್ಟಲು ಹುಳಿ ಹಿಡಿದಿದ್ದರೆ ಆ ಲಾಟಿನಲ್ಲಿ, ಅಂದರೆ ಒಟ್ಟಿಗೆ ಬಂದ ಆ ಮೂಟೆಗಳಲ್ಲಿ, ಎಲ್ಲೋ ಹುಳುಕಿದೆ ಅಂತ ಅರ್ಥ. ಒಂದೇ ಬಟ್ಟಲು ಇಟ್ಟಿದ್ದರೆ ಅದು ತಪ್ಪಿಹೋಗುತ್ತಿತ್ತು. ನಾಲ್ಕು ಜನರಲ್ಲಿ ಮೂವರು 9 ಕೊಟ್ಟು ಒಬ್ಬರು 5 ಕೊಟ್ಟರೆ, ನಾನು ಮೊದಲು ಓದುವುದು ಆ 5 ಕೊಟ್ಟವರ ಸಾಲುಗಳನ್ನು.

ಇನ್ನು ಅಂಕದ ಅಳತೆಗೋಲಿನ ವಿಷಯ. ನಾನು ಕೆಲಸ ಕಲಿತ ಕಪ್ಪಿಂಗ್ (ಕಾಫಿ ರುಚಿ ನೋಡುವ) ಫಾರಂನಲ್ಲಿ ಪರಿಮಳ, ರುಚಿ, ಹುಳಿ, ಮೈ ಅಂದರೆ ಬಾಯಿಗೆ ತಾಗುವ ಗಟ್ಟಿತನ, ಬಾಯಲ್ಲಿ ಉಳಿಯುವ ರುಚಿ ಹೀಗೆ ಹತ್ತು ಕಾಲಂ ಇವೆ. ಪ್ರತಿಯೊಂದಕ್ಕೂ ಹತ್ತು ಅಂಕ, ಒಟ್ಟು ನೂರು. ಆದರೆ ಅಂಕ ಶುರುವಾಗುವುದೇ 6ರಿಂದ. 6 ಅಂದರೆ ಚೆನ್ನಾಗಿದೆ, 7 ತುಂಬ ಚೆನ್ನಾಗಿದೆ, 8 ಉತ್ತಮ, 9 ಅಸಾಧಾರಣ. ನಡುವೆ ಕಾಲು ಕಾಲು ಅಂಕದ ಮೆಟ್ಟಿಲು. ಒಟ್ಟು 80 ಮುಟ್ಟಿದರೆ ಸ್ಪೆಷಾಲ್ಟಿ ಕಾಫಿ, ಅಂದರೆ ಮೇಲ್ದರ್ಜೆಯದು. ಇದು ಫಾರಂ ಮೇಲೇ ಅಚ್ಚಾಗಿರುತ್ತದೆ, ತೋಟದವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಅಷ್ಟೇ ಅಲ್ಲ, ಹೊಸಬರು ಬಂದರೆ ಮೊದಲು ಎಲ್ಲರೂ ಒಂದೇ ಕಾಫಿ ಕುಡಿದು, "ನೀವು ಏಳೂವರೆ ಅಂದಿರಿ, ನಾನು ಎಂಟು ಅಂದೆ, ಯಾಕೆ?" ಅಂತ ಮಾತಾಡಿ ನಾಲಿಗೆಗಳನ್ನು ಹೊಂದಿಸಿಕೊಳ್ಳುತ್ತೇವೆ. ಆಟದ ವಿಮರ್ಶೆಯಲ್ಲಿ ಈ ಹೊಂದಾಣಿಕೆ ನಡೆದೇ ಇಲ್ಲ. ಹತ್ತಕ್ಕೆ ಅಂಕ ಅಂತಾರೆ, ಆದರೆ ದೊಡ್ಡ ಕಂಪನಿಗಳ ಆಟಗಳೆಲ್ಲ ಏಳರಿಂದ ಹತ್ತರ ಒಳಗೇ ಓಡಾಡುತ್ತವೆ. 7 ಬಂದರೆ ಆಡುವವರು ಅದನ್ನು ಫೇಲ್ ಅಂತ ಓದುತ್ತಾರೆ. ಇನ್ನೊಂದು ಕಡೆ 5 ಅಂದರೆ ನಿಜವಾಗಿಯೂ ಸಾಧಾರಣ ಅಂತಲೇ ಅರ್ಥ. ಬೇರೆ ಬೇರೆ ಅಳತೆಗೋಲು ಇಟ್ಟುಕೊಂಡ ಇವರೆಲ್ಲರ ಅಂಕಗಳನ್ನು ಒಂದೇ ಚೀಲಕ್ಕೆ ಸುರಿದರೆ ಏನಾಗುತ್ತದೆ?

ಸುರಿದಿದ್ದಾರೆ. 2001ರಲ್ಲಿ ಶುರುವಾದ ಮೆಟಾಕ್ರಿಟಿಕ್ ಅನ್ನುವ ವೆಬ್‌ತಾಣ ಮಾಡುವುದು ಇದನ್ನೇ. ಲೋಕದ ವಿಮರ್ಶಕರ ಅಂಕಗಳನ್ನೆಲ್ಲ ನೂರರ ಲೆಕ್ಕಕ್ಕೆ ತಂದು ಒಂದು ಸರಾಸರಿ ಕೊಡುತ್ತದೆ. ಯಾರ ಮಾತಿಗೆ ಎಷ್ಟು ತೂಕ ಅಂತ ಹೊರಗೆ ಹೇಳುವುದಿಲ್ಲ. ಸಿನಿಮಾಕ್ಕೆ 61 ಬಂದರೆ ಅಲ್ಲಿ ಚೆನ್ನಾಗಿದೆ ಅನ್ನುವ ಹಸಿರು ಬಣ್ಣ, ಆಟಕ್ಕೆ ಹಸಿರು ಸಿಗಬೇಕಾದರೆ 75 ಬರಬೇಕು. ಅಂದರೆ ಆಟದ ವಿಮರ್ಶಕರ ಅಂಕ ಮೇಲೆಯೇ ತೇಲುತ್ತದೆ ಅನ್ನುವುದನ್ನು ಆ ತಾಣವೇ ಒಪ್ಪಿಕೊಂಡ ಹಾಗಾಯಿತು.

ಈ ಸರಾಸರಿಯಿಂದ ಒಬ್ಬರ ಅನ್ನಕ್ಕೆ ಕುತ್ತು ಬಂದ ಕಥೆ ಹೇಳುತ್ತೇನೆ. 2010ರಲ್ಲಿ 'ಫಾಲೌಟ್: ನ್ಯೂ ವೇಗಸ್' ಅಂತ ಆಟ ಬಂತು. ಮಾಡಿದವರು ಒಬ್ಸಿಡಿಯನ್ ಸಂಸ್ಥೆಯವರು, ಪ್ರಕಾಶಕರು ಬೆಥೆಸ್ಡಾ. ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಮಾಡಿದವರಿಗೆ ಬೋನಸ್ ಅಂತ ಮಾತಾಗಿತ್ತು. ಬಂದದ್ದು 84. ಒಂದೇ ಅಂಕಕ್ಕೆ ಬೋನಸ್ ಹೋಯಿತು. ಇದನ್ನು ಆ ಆಟದ ಹಿರಿಯ ವಿನ್ಯಾಸಕಾರರಲ್ಲಿ ಒಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗವಾಗಿ ಹೇಳಿದರು. ಆಟ ಬಿಡುಗಡೆಯಾದಾಗ ಅದರಲ್ಲಿ ದೋಷ ಬಹಳ ಇದ್ದವು ಅನ್ನುವುದು ನಿಜ, ವಿಮರ್ಶಕರು ಅಂಕ ಕಡಿದದ್ದರಲ್ಲಿ ತಪ್ಪಿಲ್ಲ. ಆ ಜಾತಿಯ ಆಟಗಳಲ್ಲಿ ಅತ್ಯುತ್ತಮವಾದವುಗಳಲ್ಲಿ ಅದೂ ಒಂದು ಅಂತ ಇವತ್ತು ಹೇಳುವವರು ಬಹಳ ಜನ. ನನಗೆ ನೋವಾಗುವುದು ಬೇರೆ ಕಡೆ. ಯಾವನೋ ಒಬ್ಬ ವಿಮರ್ಶಕ ತನ್ನ ಓದುಗರಿಗೆ "ಇದು ಎಂಟು, ಎಂಟೂವರೆ ಅಲ್ಲ" ಅಂತ ಪ್ರಾಮಾಣಿಕವಾಗಿ ಬರೆದ ಮಾತು, ಅವನಿಗೆ ಗೊತ್ತೇ ಇಲ್ಲದ ಒಂದು ಒಪ್ಪಂದದೊಳಗೆ ಹೋಗಿ ಇನ್ನೊಬ್ಬರ ಸಂಬಳವಾಗಿ ಬದಲಾಯಿತಲ್ಲ. ನಾನು ಕಾಲು ಅಂಕ ಕಡಿಮೆ ಬರೆದ ದಿನ ಒಬ್ಬ ಬೆಳೆಗಾರನ ರೇಟು ಇಳಿಯುತ್ತದೆ ಅನ್ನುವುದು ನನಗೆ ಗೊತ್ತಿರುತ್ತದೆ. ಗೊತ್ತಿದ್ದೇ ಬರೆಯುತ್ತೇನೆ, ಅನುಮಾನ ಬಂದರೆ ಇನ್ನೊಂದು ಸಲ ಕುಡಿಯುತ್ತೇನೆ. ಆ ವಿಮರ್ಶಕನಿಗೆ ಆ ಅವಕಾಶವೇ ಇರಲಿಲ್ಲ.

ಸರಾಸರಿ ಇನ್ನೊಂದು ಕೆಟ್ಟ ಕೆಲಸ ಮಾಡುತ್ತದೆ, ಜಗಳವನ್ನು ಮುಚ್ಚಿಹಾಕುತ್ತದೆ. ಅದೇ 2010ರಲ್ಲಿ ಬಂದ 'ಡೆಡ್ಲಿ ಪ್ರಿಮೋನಿಷನ್' ಆಟಕ್ಕೆ ಐಜಿಎನ್ ಅನ್ನುವ ವಿಮರ್ಶೆಯ ತಾಣ ಹತ್ತಕ್ಕೆ 2 ಕೊಟ್ಟಿತು, ಡೆಸ್ಟ್ರಕ್ಟಾಯ್ಡ್ ಅನ್ನುವ ಇನ್ನೊಂದು ತಾಣ ಹತ್ತಕ್ಕೆ 10 ಕೊಟ್ಟಿತು. ಕೂಡಿಸಿ ಭಾಗಿಸಿದರೆ 6. ಆರು ಅನ್ನುವ ಅಭಿಪ್ರಾಯ ಆ ಇಬ್ಬರಲ್ಲಿ ಯಾರದೂ ಅಲ್ಲ. ನಮ್ಮ ಮಾನ್ಸೂನ್ಡ್ ಮಲಬಾರ್ ಕಾಫಿಯನ್ನೇ ನೋಡಿ. ಕರಾವಳಿಯ ಮಳೆಗಾಲದ ತೇವದ ಗಾಳಿಗೆ ಬೀಜವನ್ನು ಬಿಟ್ಟು ಉಬ್ಬಿಸಿ, ಹುಳಿಯನ್ನೆಲ್ಲ ಕಳೆಯುತ್ತಾರೆ. ಕಟ್ಟುನಿಟ್ಟಾಗಿ ಫಾರಂ ಹಿಡಿದು ಕೂತರೆ ಅದರ ವಾಸನೆಯನ್ನು ದೋಷ ಅಂತ ಬರೆಯುವವರಿದ್ದಾರೆ. ಯುರೋಪಿನಲ್ಲಿ ಅದಕ್ಕಾಗಿಯೇ ಹುಡುಕಿಕೊಂಡು ಕೊಳ್ಳುವವರೂ ಇದ್ದಾರೆ. ಇಬ್ಬರ ನಾಲಿಗೆಯೂ ಸರಿಯಾಗಿಯೇ ಇದೆ. ಯಾರು ಯಾಕೆ ಹಾಗೆ ಅಂದರು ಅನ್ನುವುದು ತಿಳಿದರೆ ನಾನು ಯಾರ ಕಡೆ ಅಂತ ನಾನೇ ತೀರ್ಮಾನ ಮಾಡಿಕೊಳ್ಳುತ್ತೇನೆ. ಈ ತಲೆನೋವಿಗೇ ಯೂರೋಗೇಮರ್ ಅನ್ನುವ ವಿಮರ್ಶೆಯ ತಾಣದವರು 2015ರಲ್ಲಿ ಅಂಕ ಕೊಡುವುದನ್ನೇ ಬಿಟ್ಟರು, 2023ರಲ್ಲಿ ಐದು ನಕ್ಷತ್ರದ ಲೆಕ್ಕಕ್ಕೆ ಮರಳಿದರು. ಅಂಕವಿಲ್ಲದೆ ಬದುಕುವುದೂ ಸುಲಭವಲ್ಲ.

ಈಗ ಮೂಟೆಯ ವಿಷಯಕ್ಕೆ ಬರುತ್ತೇನೆ. ನಮ್ಮ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಭಯ ಇದೆ. ಸ್ಯಾಂಪಲ್ ಚೆನ್ನಾಗಿರುತ್ತದೆ, ಲಾಟ್ ಬೇರೆಯೇ ಇರುತ್ತದೆ. ಅದಕ್ಕೇ ಮೂಟೆಗೆ ಚುಚ್ಚಿ ಕಾಳು ತೆಗೆಯುವಾಗ ಒಂದೇ ಮೂಟೆಯಿಂದ ತೆಗೆಯುವುದಿಲ್ಲ. ಮೇಲಿನದು, ಕೆಳಗಿನದು, ಮೂಲೆಯದು, ಎಲ್ಲದರಿಂದಲೂ ತೆಗೆಯುತ್ತೇವೆ. 2020ರ ಡಿಸೆಂಬರ್ 10ರಂದು 'ಸೈಬರ್‌ಪಂಕ್ 2077' ಬಿಡುಗಡೆಯಾಯಿತು. ವರ್ಷಗಟ್ಟಲೆ ಕಾದಿದ್ದ ಆಟ. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕಳಿಸಿದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿಯನ್ನು ಮಾತ್ರ. ಒಳ್ಳೆಯ ಕಂಪ್ಯೂಟರಿನಲ್ಲಿ ಆಡಿದವರು ಹೊಗಳಿದರು, ಅಂಕ ಎಂಬತ್ತರ ಮೇಲೆ ನಿಂತಿತು. ಜನ ಆ ಅಂಕ ನೋಡಿ, ಟಿವಿಗೆ ಸಿಕ್ಕಿಸುವ ಕನ್ಸೋಲ್‌ಗಳಾದ ಪ್ಲೇಸ್ಟೇಷನ್ 4ಕ್ಕೆ, ಎಕ್ಸ್‌ಬಾಕ್ಸ್ ಒನ್‌ಗೆ ಡಿಸ್ಕ್ ತಂದು ಹಾಕಿದರೆ ಚಿತ್ರ ಮಸುಕು, ಆಟ ನಡುನಡುವೆ ನಿಂತುಹೋಗುವುದು, ಪಾತ್ರಗಳು ಗೋಡೆಯೊಳಗೆ ಸಿಕ್ಕಿಕೊಳ್ಳುವುದು. ಪ್ಲೇಸ್ಟೇಷನ್ 4 ಆವೃತ್ತಿಗೆ ಆಮೇಲೆ ಬಂದ ವಿಮರ್ಶೆಗಳ ಸರಾಸರಿ ಅರವತ್ತನ್ನೂ ಮುಟ್ಟಲಿಲ್ಲ. ಒಂದೇ ವಾರದಲ್ಲಿ ಪ್ಲೇಸ್ಟೇಷನ್ ಮಾಡುವ ಸೋನಿ ಆ ಆಟವನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು, ಕೊಂಡವರಿಗೆ ಹಣ ವಾಪಸ್ ಕೊಟ್ಟಿತು. ಆಟ ಅಂಗಡಿಗೆ ಮರಳಿದ್ದು 2021ರ ಜೂನ್‌ನಲ್ಲಿ.

ಆಟ ಮಾಡಿದವರ ಮೇಲೆ ಎಲ್ಲರೂ ಸಿಟ್ಟಾದರು, ಅದು ನ್ಯಾಯವೇ. ಆದರೆ ನನ್ನ ಸಿಟ್ಟು ವಿಮರ್ಶಕರ ಮೇಲೂ ಇದೆ. ಅವರಲ್ಲಿ ಕೆಲವರು "ನಮಗೆ ಕನ್ಸೋಲ್ ಪ್ರತಿ ಕೊಟ್ಟಿಲ್ಲ" ಅಂತ ಬರೆದಿದ್ದರು. ಆ ಮಾತು ಮೊದಲ ಸಾಲಿನಲ್ಲಿ, ಅಂಕದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕಿತ್ತು. ಮೂಟೆಯ ಬಾಯಿ ಬಿಚ್ಚಲು ಬಿಡದೆ ಅಂಗೈ ಮೇಲೆ ನಾಲ್ಕು ಕಾಳು ಇಟ್ಟರೆ ನಾನು ಲಾಟಿಗೆ ಅಂಕ ಬರೆಯುವುದಿಲ್ಲ.

ಇನ್ನು ಕೂತ ಜಾಗ. ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ವಿಷಯದಲ್ಲಿ ಇದು ಎಲ್ಲಕ್ಕಿಂತ ದೊಡ್ಡದು, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ. 1989ರಲ್ಲಿ ನಿಂಟೆಂಡೋ ಗೇಮ್ ಬಾಯ್ ಬಿಟ್ಟಿತು. ಮಾಡಿದ ತಂಡದ ಮುಂದಾಳು ಗುನ್ಪೇ ಯೊಕೊಯ್. ಅವರ ನಂಬಿಕೆ ಏನೆಂದರೆ, ಎಲ್ಲರೂ ಹಳತು ಅಂತ ಬಿಟ್ಟಿರುವ, ಅಗ್ಗವಾಗಿರುವ, ಚೆನ್ನಾಗಿ ಪಳಗಿದ ತಂತ್ರಜ್ಞಾನವನ್ನು ತೆಗೆದುಕೊಂಡು ಹೊಸ ಕೆಲಸಕ್ಕೆ ಹಚ್ಚಬೇಕು. ಪರದೆಗೆ ಬಣ್ಣವಿಲ್ಲ, ಪಾಚಿ ಹಸಿರಿನ ನಾಲ್ಕು ಛಾಯೆ ಮಾತ್ರ. ಹಿಂದಿನಿಂದ ಬೆಳಕಿಲ್ಲ. ಅದೇ ಕಾಲಕ್ಕೆ ಅಟಾರಿಯವರ ಲಿಂಕ್ಸ್, ಮರುವರ್ಷ ಸೆಗಾದವರ ಗೇಮ್ ಗಿಯರ್ ಬಂದವು. ಎರಡಕ್ಕೂ ಬಣ್ಣದ ಪರದೆ, ಎರಡಕ್ಕೂ ಬೆಳಕು. ಮೂರನ್ನೂ ಒಂದು ಮೇಜಿನ ಮೇಲೆ ಜೋಡಿಸಿಟ್ಟು ಅಂಕ ಕೊಡಿ ಅಂದರೆ ಗೇಮ್ ಬಾಯ್ ಕೊನೆಗೇ ನಿಲ್ಲುತ್ತದೆ. ಆದರೆ ಗೇಮ್ ಗಿಯರ್ ಆರು ಸೆಲ್ಲು ತಿಂದು ಮೂರರಿಂದ ಐದು ಗಂಟೆ ಓಡುತ್ತಿತ್ತು. ಗೇಮ್ ಬಾಯ್ ನಾಲ್ಕು ಸೆಲ್ಲಿನಲ್ಲಿ ಹತ್ತು ಗಂಟೆಗೂ ಮೀರಿ ಓಡುತ್ತಿತ್ತು. ಚಿಕ್ಕಮಗಳೂರಿನಲ್ಲಿ ಬಸ್ ಹತ್ತಿ, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ, ಚಾರ್ಮಾಡಿ ಘಾಟಿ ಇಳಿದು ಮಂಗಳೂರು ಮುಟ್ಟುವ ಹುಡುಗನ ಕೈಗೆ ಯಾವುದು ಕೊಡುತ್ತೀರಿ? ಗೇಮ್ ಬಾಯ್ ಮತ್ತು ಅದರ ಬಣ್ಣದ ತಮ್ಮ ಗೇಮ್ ಬಾಯ್ ಕಲರ್ ಸೇರಿ ಸುಮಾರು 11 ಕೋಟಿ 87 ಲಕ್ಷ ಮಾರಾಟವಾದವು. ಗೇಮ್ ಗಿಯರ್ ಒಂದು ಕೋಟಿಯ ಆಸುಪಾಸು.

ನಮ್ಮ ಕಪ್ಪಿಂಗ್ ಮೇಜಿನ ಮೇಲೂ ಇದೇ ಆಗುತ್ತದೆ. ಹಾಲಿಲ್ಲದೆ, ಸಕ್ಕರೆಯಿಲ್ಲದೆ, ಬರಿ ಬಿಸಿನೀರಿನಲ್ಲಿ ಕುಡಿದರೆ ತೊಳೆದ ಅರೇಬಿಕಾಕ್ಕೆ ಅಂಕ ಮೇಲೆ. ಅದೇ ಪುಡಿಯನ್ನು ಮನೆಗೆ ಒಯ್ದು ಫಿಲ್ಟರಿಗೆ ಹಾಕಿ, ಚಿಕೋರಿ ಬೆರೆಸಿ, ಗಟ್ಟಿ ಹಾಲು ಸುರಿದರೆ ಆ ನವಿರಾದ ಪರಿಮಳ ಮುಳುಗಿಹೋಗುತ್ತದೆ. ಅಲ್ಲಿ ಗಟ್ಟಿಯಾಗಿ ನಿಲ್ಲುವುದು ರೋಬಸ್ಟಾ. ಮೇಜಿನ ಅಂಕ ಸುಳ್ಳಲ್ಲ, ಅದು ಮೇಜಿನ ಅಂಕ ಅಷ್ಟೇ. ನಿಂಟೆಂಡೋ ಸ್ವಿಚ್ ಬಂದ ಮೇಲೆ ಈ ಪ್ರಶ್ನೆ ಇನ್ನೂ ಗಂಟಾಗಿದೆ, ಏಕೆಂದರೆ ಅದನ್ನು ಟಿವಿಗೂ ಸಿಕ್ಕಿಸಬಹುದು, ಕೈಯಲ್ಲೂ ಹಿಡಿಯಬಹುದು. 2015ರ 'ವಿಚರ್ 3' ಆಟವನ್ನು 2019ರಲ್ಲಿ ಸ್ವಿಚ್‌ಗೆ ಇಳಿಸಿದರು. ಚಿತ್ರ ಮಸುಕಾಗಿದೆ ಅಂತ ವಿಮರ್ಶಕರು ಬರೆದರು, ಇಷ್ಟು ದೊಡ್ಡ ಆಟ ಅಂಗೈಗೆ ಬಂತಲ್ಲ ಅಂತ ಬೆರಗಾಗಿಯೂ ಬರೆದರು. ನಾನು ಅದನ್ನು ಟಿವಿಯಲ್ಲಿ ನೋಡಿದಾಗ ಬೇಸರವಾಯಿತು. ಕಂಬಳಿ ಹೊದ್ದು ಮಲಗಿ ಕೈಯಲ್ಲಿ ಹಿಡಿದು ಆಡಿದಾಗ ಅರ್ಧ ರಾತ್ರಿ ಕಳೆದದ್ದು ಗೊತ್ತಾಗಲಿಲ್ಲ.

ಆಡದೆ ಮಾತಾಡುವವರ ಬಗ್ಗೆ ಒಂದೇ ಮಾತು. ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 2010ರಲ್ಲಿ ವಿಡಿಯೋ ಗೇಮ್ ಎಂದಿಗೂ ಕಲೆಯಾಗಲಾರದು ಅಂತ ಬರೆದರು. ಸಾವಿರಾರು ಜನ ಉತ್ತರ ಬರೆದರು. ಕೆಲವೇ ತಿಂಗಳಲ್ಲಿ ಅವರು, ಆಡಿ ನೋಡದೆ ಹಾಗೆ ಹೇಳಬಾರದಿತ್ತು ಅಂತ ಒಪ್ಪಿಕೊಂಡರು. ಅಷ್ಟು ದೊಡ್ಡ ಹೆಸರಿನವರು ಹಾಗೆ ಒಪ್ಪಿಕೊಂಡದ್ದು ನನಗೆ ಅವರ ಮೇಲಿನ ಗೌರವವನ್ನು ಹೆಚ್ಚಿಸಿತು.

ಕೊನೆಗೆ, ಯಾರ ನಾಲಿಗೆ? 2023ರಲ್ಲಿ 'ವೆಣ್ಬಾ' ಅಂತ ಒಂದು ಪುಟ್ಟ ಆಟ ಬಂತು. ಕೆನಡಾಕ್ಕೆ ಹೋದ ತಮಿಳು ಕುಟುಂಬವೊಂದರ ಕಥೆ, ತಾಯಿಯ ಅಡುಗೆಯ ಮೂಲಕ ಹೇಳುವುದು. ವಿಮರ್ಶಕರು ಮೆಚ್ಚಿದರು, ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳಲ್ಲಿ ಚೊಚ್ಚಲ ಆಟಕ್ಕೆ ಕೊಡುವ ಪ್ರಶಸ್ತಿಯೂ ಬಂತು. ತುಂಬ ಚಿಕ್ಕದಾಯಿತು ಅನ್ನುವ ದೂರೂ ಇತ್ತು. ಅದರ ಮೊದಲ ಒಗಟು ಇಡ್ಲಿ ಬೇಯಿಸುವುದು. ಅಮ್ಮನ ಅಡುಗೆ ಪುಸ್ತಕದ ಹಾಳೆ ಅಳಿಸಿಹೋಗಿದೆ, ತಟ್ಟೆಗಳನ್ನು ಹೇಗೆ ಜೋಡಿಸಿದರೆ ಆವಿ ಎಲ್ಲ ಕಡೆ ಹೋಗುತ್ತದೆ ಅಂತ ನಾವೇ ಕಂಡುಕೊಳ್ಳಬೇಕು. ನಾನು ನಡುಮನೆಯಲ್ಲಿ ಕೂತು ಆಡುತ್ತಿದ್ದೆ. ಹಿಂದೆ ಅವರೆಕಾಯಿ ಸುಲಿಯುತ್ತಿದ್ದ ನನ್ನ ಅಮ್ಮ, ಜೀವಮಾನದಲ್ಲಿ ಒಂದು ಆಟವನ್ನೂ ನೋಡದವರು, ತಲೆ ಎತ್ತಿ, "ಗುಳಿ ಮೇಲೆ ಗುಳಿ ಬಂತಲ್ಲ ಮಾರಾಯ, ತಟ್ಟೆ ಸ್ವಲ್ಪ ತಿರುಗಿಸಿ ಇಡು" ಅಂದರು. ತಿರುಗಿಸಿದೆ. ಒಗಟು ಬಿಡಿಸಿಕೊಂಡಿತು.

ಇಡ್ಲಿ ಪಾತ್ರೆಯನ್ನೇ ಮುಟ್ಟದ ವಿಮರ್ಶಕರಿಗೆ ಅದು ಜಾಣ ಒಗಟು. ನಮ್ಮಮ್ಮನಿಗೆ ಅದು ದಿನದ ಕೆಲಸ. ಆಮೇಲೆ ಆ ಆಟದ ಮಗ ಮನೆಮಾತನ್ನು ಮರೆಯುತ್ತಾ ಹೋಗುತ್ತಾನೆ, ಅಮ್ಮ ಕಷ್ಟಪಟ್ಟು ಕಟ್ಟಿಕೊಟ್ಟ ಡಬ್ಬಿಯ ಊಟಕ್ಕೆ ನಾಚುತ್ತಾನೆ. ಅಲ್ಲಿಗೆ ಬಂದಾಗ ನಮ್ಮಮ್ಮ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದ್ದರು. ಒಂದೂವರೆ ಗಂಟೆಯ ಆಟ ಚಿಕ್ಕದಾಯಿತು ಅಂತ ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ. ಪುಣೆಯ ತಂಡವೊಂದು ಮಾಡಿದ 'ರಾಜಿ' 2020ರಲ್ಲಿ ಬಂದಾಗಲೂ ಹೀಗೇ. ಹೊಡೆದಾಟ ತೊಡಕು, ಕೊನೆ ದಿಢೀರನೆ ಬರುತ್ತದೆ ಅಂತ ಹೊರಗಿನವರು ಬರೆದರು. ಎರಡೂ ಸರಿ, ನಾನೂ ಒಪ್ಪುತ್ತೇನೆ. ಆದರೆ ದುರ್ಗೆಯೂ ವಿಷ್ಣುವೂ ಮೇಲೆ ಕೂತು ಒಬ್ಬ ಹುಡುಗಿಯ ಪಾಡನ್ನು ನೋಡುತ್ತಾ ಮಾತಾಡಿಕೊಳ್ಳುವ ಆ ಧಾಟಿಯನ್ನು ಕೇಳಿದಾಗ, ಬಯಲಿನಲ್ಲಿ ಚಾಪೆ ಹಾಸಿ ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದ ನಮಗೆ ಏನಾಗುತ್ತದೆ ಅನ್ನುವುದನ್ನು ಅವರು ಬರೆಯಲಾರರು. ಅದನ್ನು ಬರೆಯಬೇಕಾದವರು ನಾವು, ಕನ್ನಡದಲ್ಲಿ.

ಬರೆಯುವುದಾದರೆ ದಯವಿಟ್ಟು ಹೀಗೆ ಶುರು ಮಾಡಿ: ಯಾವ ಯಂತ್ರ, ಟಿವಿಯಲ್ಲೋ ಕೈಯಲ್ಲೋ, ಎಷ್ಟು ಗಂಟೆ, ಮುಗಿಸಿದಿರೋ ಇಲ್ಲವೋ, ದುಡ್ಡು ಕೊಟ್ಟು ಕೊಂಡದ್ದೋ ಸುಮ್ಮನೆ ಬಂದದ್ದೋ. ನಮ್ಮ ಬೀದಿಯ ಅಣ್ಣ ಇದನ್ನೆಲ್ಲ ಯಾರೂ ಕೇಳದೆಯೇ ಹೇಳುತ್ತಿದ್ದ. ಆಮೇಲೆ ಏನು ಬೇಕಾದರೂ ಬರೆಯಿರಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಕಾಫಿಯ ಬಗ್ಗೆಯೇ. ಎಲ್ಲರೂ ಎದ್ದು ಹೊರಟಾಗ, ಮುಂದೆ ಜಮಖಾನದ ಮೇಲೆ ಕೂತಿದ್ದ ಒಬ್ಬಳು ಹುಡುಗಿ, ಆರನೇ ಕ್ಲಾಸಿರಬೇಕು, ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆಯನ್ನು ನನ್ನ ಕೈಗಿಟ್ಟು ಅಪ್ಪನ ಹಿಂದೆ ಓಡಿದಳು. ನಾನು ಮಾತಾಡುತ್ತಿದ್ದಾಗಲೇ ಬರೆದದ್ದು. ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಬೇಸಾಯದ ಆಟದ ಬಗ್ಗೆ. ಅವಳು ಬರೆದಂತೆಯೇ ಇಲ್ಲಿ ಕೊಡುತ್ತಿದ್ದೇನೆ:

"ಸ್ವಿಚ್. ಕೈಯಲ್ಲಿ ಹಿಡಿದು ಆಡಿದ್ದು. 40 ಗಂಟೆ ಆಗಿರಬಹುದು. ಮುಗಿದಿಲ್ಲ. ಮಾವ ಕೊಡಿಸಿದ್ದು. ಅಕ್ಷರ ಸಣ್ಣ, ಅಜ್ಜಿಗೆ ನಾನೇ ಓದಿ ಹೇಳಬೇಕು. ಮಳೆ ಬಂದ ದಿನ ಗಿಡಕ್ಕೆ ನೀರು ಹಾಕುವುದು ಬೇಡ, ಅದು ಖುಷಿ. ಕಾಫಿ ಗಿಡ ಹತ್ತು ದಿನಕ್ಕೆ ಫಸಲು ಕೊಡುತ್ತೆ. ನಮ್ಮ ತೋಟದಲ್ಲಿ ನೆಟ್ಟು ಮೂರು ವರ್ಷ ಆಯಿತು, ಈ ಸಲ ಹೂವು ಬಂದಿದೆ. ಆಟದಲ್ಲಿ ಕಾಗೆ ಬರುತ್ತೆ, ಬೆದರುಗೊಂಬೆ ಇಟ್ಟರೆ ಹೋಗುತ್ತೆ. ಆನೆ ಬರಲ್ಲ."